ಲೈಪೇಸ್: ಕೊಬ್ಬನ್ನು ಕತ್ತರಿಸುವ ಕಿಣ್ವದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜೀವರಸಾಯನ ಪಾಠ ಮಾಡೋರಿಗೆ ಒಂದು ತೊಂದರೆ ಇದೆ. ಮದುವೆಮನೆಗೆ ಹೋದರೂ ಯಾರೋ ಲ್ಯಾಬ್ ರಿಪೋರ್ಟ್ ಹಿಡಿದು ಬರುತ್ತಾರೆ. ಲೈಪೇಸ್ ಬಗ್ಗೆ ವಿದ್ಯಾರ್ಥಿಗಳು, ನೆಂಟರು, ಪತ್ರ ಬರೆದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಆಮೇಲೆ. ನಿಮಗೆ ಬೇಕಾದ ಕಡೆಯಿಂದ ಓದಿಕೊಳ್ಳಿ.

## ಮೊದಲು ತಿಳಿಯಬೇಕಾದದ್ದು

ಲೈಪೇಸ್ ಅಂದ್ರೆ ಏನು? ಒಂದೇ ಮಾತಲ್ಲಿ ಹೇಳಿ ನೋಡೋಣ.

ನಾವು ತಿಂದ ಎಣ್ಣೆ, ತುಪ್ಪ, ಬೆಣ್ಣೆಯ ಅಣುಗಳನ್ನು ನೀರಿನ ಸಹಾಯದಿಂದ ಕತ್ತರಿಸುವ ಪ್ರೋಟೀನ್.

ಕರಗಿಸುವುದಲ್ಲ, ಕತ್ತರಿಸುವುದು. ಕೊಬ್ಬಿನ ಒಂದು ಅಣುವಿನಲ್ಲಿ ಗ್ಲಿಸರಾಲ್ ಅನ್ನೋ ಚಿಕ್ಕ ಬೆನ್ನೆಲುಬು ಇರುತ್ತದೆ. ಅದಕ್ಕೆ ಮೂರು ಉದ್ದನೆಯ ಬಾಲಗಳು ಅಂಟಿಕೊಂಡಿರುತ್ತವೆ. ಆ ಬಾಲಗಳೇ ಕೊಬ್ಬಿನಾಮ್ಲಗಳು. ಇಡೀ ಅಣುವಿಗೆ ಟ್ರೈಗ್ಲಿಸರೈಡ್ ಎಂದು ಹೆಸರು. ಬಾಲ ಮತ್ತು ಬೆನ್ನೆಲುಬು ಸೇರುವ ಜಾಗಕ್ಕೆ ಎಸ್ಟರ್ ಬಂಧ ಎನ್ನುತ್ತಾರೆ. ಲೈಪೇಸ್ ಕೈ ಹಾಕುವುದು ಆ ಜಾಗಕ್ಕೆ ಮಾತ್ರ.

ಯಾಕೆ ಕತ್ತರಿಸಬೇಕು? ಎಣ್ಣೆ ಹಾಗೇ ಒಳಗೆ ಹೋದ್ರೆ ಆಗಲ್ವಾ?

ಆಗಲ್ಲ. ಟ್ರೈಗ್ಲಿಸರೈಡ್ ಅಣು ತುಂಬಾ ದಪ್ಪ, ನೀರಿಗೆ ಸೇರುವುದೂ ಇಲ್ಲ. ಕರುಳಿನ ಗೋಡೆಯ ಜೀವಕೋಶಗಳು ಅದನ್ನು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕತ್ತರಿಸಿದ ಚೂರುಗಳಾದರೆ ಪಿತ್ತದ ಲವಣಗಳ ಜೊತೆ ಸೇರಿ ಅತಿ ಸಣ್ಣ ಉಂಡೆಗಳಾಗಿ ಗೋಡೆಯವರೆಗೆ ತಲುಪುತ್ತವೆ, ಅಲ್ಲಿಂದ ಒಳಗೆ ಹೋಗುತ್ತವೆ.

ತಮಾಷೆ ಏನಂದ್ರೆ, ಒಳಗೆ ಹೋದ ಕೂಡಲೇ ಜೀವಕೋಶ ಆ ಚೂರುಗಳನ್ನು ಮತ್ತೆ ಜೋಡಿಸಿ ಟ್ರೈಗ್ಲಿಸರೈಡ್ ಮಾಡುತ್ತದೆ! ಮಂಚವನ್ನು ಬಿಚ್ಚಿ ಬಾಗಿಲು ದಾಟಿಸಿ, ಕೋಣೆಯೊಳಗೆ ಮತ್ತೆ ಜೋಡಿಸಿದ ಹಾಗೆ.

ಇದು ಎಲ್ಲಿ ತಯಾರಾಗುತ್ತೆ? ಲಿವರ್‌ನಲ್ಲಾ?

ಮುಖ್ಯವಾದ ಲೈಪೇಸ್ ತಯಾರಾಗುವುದು ಮೇದೋಜೀರಕ ಗ್ರಂಥಿಯಲ್ಲಿ, ಅಂದರೆ ಎಲ್ಲರೂ ಪ್ಯಾಂಕ್ರಿಯಾಸ್ ಅನ್ನುವ ಅಂಗದಲ್ಲಿ. ಹೊಟ್ಟೆಯ ಹಿಂದೆ ಅಡ್ಡಲಾಗಿ ಮಲಗಿರುತ್ತದೆ. ಅಲ್ಲಿಂದ ನಾಳದ ಮೂಲಕ ಸಣ್ಣ ಕರುಳಿನ ಮೊದಲ ಭಾಗಕ್ಕೆ ಬರುತ್ತದೆ.

ಜಠರದಲ್ಲೂ ಒಂದು ಲೈಪೇಸ್ ಇದೆ. ಆಮ್ಲಕ್ಕೆ ಹೆದರದ ಗಟ್ಟಿಗ. ಕೊಬ್ಬಿನ ಜೀರ್ಣದಲ್ಲಿ ಸುಮಾರು 10ರಿಂದ 30 ಶೇಕಡ ಕೆಲಸ ಅದೇ ಮುಗಿಸುತ್ತದೆ. ಉಳಿದದ್ದೆಲ್ಲ ಪ್ಯಾಂಕ್ರಿಯಾಸ್ ಪಾಲಿನದು. ಈ ಬರಹದಲ್ಲಿ ಸುಮ್ನೆ ಲೈಪೇಸ್ ಎಂದರೆ ಪ್ಯಾಂಕ್ರಿಯಾಸ್‌ನ ಲೈಪೇಸ್ ಎಂದುಕೊಳ್ಳಿ. ಲಿವರ್ ಕೊಡುವುದು ಪಿತ್ತರಸ, ಅದರ ಕಥೆ ಮುಂದಿನ ಪ್ರಶ್ನೆಯಲ್ಲಿದೆ.

ಪಿತ್ತರಸ ಕೊಬ್ಬನ್ನ ಜೀರ್ಣ ಮಾಡುತ್ತೆ ಅಂತ ಶಾಲೆಯಲ್ಲಿ ಓದಿದ್ವಿ. ಹಾಗಾದ್ರೆ ಲೈಪೇಸ್ ಯಾಕೆ ಬೇಕು?

ಪಿತ್ತರಸದಲ್ಲಿ ಜೀರ್ಣ ಮಾಡುವ ಕಿಣ್ವ ಇಲ್ಲ. ಅದು ಒಂದು ಬಂಧವನ್ನೂ ಕತ್ತರಿಸುವುದಿಲ್ಲ. ಅದು ಮಾಡುವುದು ಪಾತ್ರೆಯ ಜಿಡ್ಡಿಗೆ ಸೋಪು ಮಾಡುವ ಕೆಲಸ. ದೊಡ್ಡ ಹನಿ ಒಡೆದು ಸಣ್ಣ ಹನಿಗಳಾಗುತ್ತವೆ, ಮತ್ತೆ ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ.

ಇದರಿಂದ ಏನು ಲಾಭ? ಒಂದು ಲೆಕ್ಕ ನೋಡಿ. 1 ಮಿಲಿಮೀಟರ್ ಅಗಲದ ಒಂದು ಎಣ್ಣೆ ಹನಿ ಇದೆ ಅನ್ನಿ. ಅದನ್ನು 1 ಮೈಕ್ರೋಮೀಟರ್ ಅಗಲದ ಹನಿಗಳಾಗಿ ಒಡೆದರೆ ನೂರು ಕೋಟಿ ಹನಿಗಳಾಗುತ್ತವೆ. ಎಣ್ಣೆ ಅಷ್ಟೇ. ಆದರೆ ಮೇಲ್ಮೈ ಸಾವಿರ ಪಟ್ಟು ಜಾಸ್ತಿ. ಲೈಪೇಸ್ ಹನಿಯ ಒಳಗೆ ಹೋಗುವುದಿಲ್ಲ, ಮೇಲ್ಮೈಯಲ್ಲಿ ಕೂತೇ ಕೆಲಸ ಮಾಡಬೇಕು. ಹಾಗಾಗಿ ಕೂರುವ ಜಾಗ ಸಾವಿರ ಪಟ್ಟು ಸಿಕ್ಕ ಹಾಗಾಯಿತು.

ಎಣ್ಣೆಗೂ ನೀರಿಗೂ ನಡುವಿನ ಈ ಅಂಚನ್ನು ನೆನಪಿಟ್ಟುಕೊಳ್ಳಿ. ಲೈಪೇಸ್‌ನ ರಚನೆಯಲ್ಲಿ ವಿಚಿತ್ರ ಅನ್ನಿಸುವ ಬಹುತೇಕ ಸಂಗತಿಗಳು ಈ ಅಂಚಿನಿಂದಾಗಿಯೇ ಹಾಗಿವೆ.

ಲೈಪೇಸ್ ಜಾಸ್ತಿ ಮಾಡಿಕೊಂಡ್ರೆ ಹೊಟ್ಟೆಯ ಬೊಜ್ಜು ಇಳಿಯುತ್ತಂತೆ, ನಿಜಾನಾ?

ಇಲ್ಲ. ಲೆಕ್ಕ ಉಲ್ಟಾ ಇದೆ. ಕರುಳಿನ ಲೈಪೇಸ್ ಚೆನ್ನಾಗಿ ಕೆಲಸ ಮಾಡಿದಷ್ಟೂ ತಿಂದ ಕೊಬ್ಬು ಮೈಗೆ ಸೇರುತ್ತದೆ. ಬೊಜ್ಜಿನ ಜೀವಕೋಶಗಳ ಒಳಗೆ ಇರುವ ಲೈಪೇಸ್‌ಗಳು ಬೇರೆಯೇ. ಅವು ಹಾರ್ಮೋನುಗಳ ಮಾತು ಕೇಳುತ್ತವೆ, ಮಾತ್ರೆಯಲ್ಲಿ ನುಂಗಿದ ಕಿಣ್ವದ ಮಾತನ್ನಲ್ಲ. ಅಷ್ಟಕ್ಕೂ ನುಂಗಿದ ಕಿಣ್ವ ಕರುಳಿನಿಂದ ಬೊಜ್ಜಿನವರೆಗೆ ಹೋಗುವುದೇ ಇಲ್ಲ. ಅದೂ ಪ್ರೋಟೀನೇ, ದಾರಿಯಲ್ಲೇ ಜೀರ್ಣವಾಗುತ್ತದೆ.

ಇದನ್ನ ಮೊದಲು ಕಂಡುಹಿಡಿದವರು ಯಾರು?

ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್. 1840ರ ದಶಕದ ಕೊನೆಯಲ್ಲಿ. ಅವರಿಗೆ ಸುಳಿವು ಕೊಟ್ಟದ್ದು ಮೊಲ.

ಮೊಲದ ಕರುಳಿನಲ್ಲಿ ಒಂದು ಅನುಕೂಲ ಇದೆ. ಪಿತ್ತನಾಳ ಜಠರದ ಹತ್ತಿರವೇ ತೆರೆಯುತ್ತದೆ. ಪ್ಯಾಂಕ್ರಿಯಾಸ್ ನಾಳ ಅದಕ್ಕಿಂತ ತುಂಬಾ ಕೆಳಗೆ. ಬರ್ನಾರ್ಡ್ ಮೊಲಕ್ಕೆ ಕೊಬ್ಬು ತಿನ್ನಿಸಿ ಕರುಳಿನ ಹೊರಗಿನ ಸಣ್ಣ ನಾಳಗಳನ್ನು ನೋಡಿದರು. ಕೊಬ್ಬು ಹೀರಿಕೊಂಡ ನಾಳಗಳು ಹಾಲಿನ ಹಾಗೆ ಬೆಳ್ಳಗಾಗುತ್ತವೆ. ಪಿತ್ತ ಮಾತ್ರ ಸೇರಿದ್ದ ಭಾಗದಲ್ಲಿ ಆ ಬಿಳುಪು ಕಾಣಲಿಲ್ಲ. ಪ್ಯಾಂಕ್ರಿಯಾಸ್ ನಾಳ ಸೇರುವ ಜಾಗದಿಂದ ಕೆಳಗೆ ಬಿಳಿ ಗೆರೆಗಳು. ಅಂದರೆ ಕೆಲಸ ಮಾಡುತ್ತಿರುವುದು ಪ್ಯಾಂಕ್ರಿಯಾಸ್‌ನ ರಸ. ಇದಕ್ಕಿಂತ ಅಚ್ಚುಕಟ್ಟಾದ ಸಾಕ್ಷಿ ನನಗಂತೂ ಗೊತ್ತಿಲ್ಲ.

ಲೈಪೇಸ್ ಕೆಲಸ ಮಾಡೋದನ್ನ ಕಣ್ಣಾರೆ ನೋಡೋಕಾಗುತ್ತಾ?

ಆಗುತ್ತದೆ. ಕಾಲೇಜು ಲ್ಯಾಬಿನಲ್ಲಿ ವರ್ಷಾವರ್ಷ ಮಾಡಿಸುತ್ತೇವೆ. ಒಂದು ಟೆಸ್ಟ್ ಟ್ಯೂಬಿನಲ್ಲಿ ಹಾಲು, ಅದಕ್ಕೆ ಕ್ಷಾರದಲ್ಲಿ ಗುಲಾಬಿಯಾಗುವ ಬಣ್ಣದ ಸೂಚಕ ಫಿನಾಲ್ಫ್ತಲೀನ್ ಕೆಲವು ಹನಿ, ಸ್ವಲ್ಪ ಸೋಡಿಯಂ ಕಾರ್ಬೋನೇಟ್ ದ್ರಾವಣ. ಹಾಲು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. 37 ಡಿಗ್ರಿ ಬಿಸಿಯ ನೀರಿನಲ್ಲಿ ಟ್ಯೂಬ್ ನಿಲ್ಲಿಸಿ ಲೈಪೇಸ್ ಹಾಕಬೇಕು. ಹಾಲಿನ ಕೊಬ್ಬಿನಿಂದ ಕೊಬ್ಬಿನಾಮ್ಲ ಬಿಡುಗಡೆಯಾದಂತೆ ಕ್ಷಾರ ಕಡಿಮೆಯಾಗುತ್ತದೆ. ಗುಲಾಬಿ ಮೆಲ್ಲಗೆ ಪೇಲವವಾಗಿ, ಕೊನೆಗೆ ಹಾಲು ಮತ್ತೆ ಬೆಳ್ಳಗಾಗುತ್ತದೆ. ಪಕ್ಕದ ಟ್ಯೂಬಿಗೆ ಪಿತ್ತದ ಲವಣವನ್ನೂ ಹಾಕಿದರೆ ಅದು ಮೊದಲು ಬೆಳ್ಳಗಾಗುತ್ತದೆ. ಕುದಿಸಿದ ಲೈಪೇಸ್ ಹಾಕಿದ ಟ್ಯೂಬ್ ಗುಲಾಬಿಯಾಗೇ ಉಳಿಯುತ್ತದೆ.

ಒಂದು ಸಲ ನಾನೇ ಕೆಡಿಸಿದ್ದೆ. ಬೆಳಿಗ್ಗೆ ಅವಸರ ಬೇಡ ಅಂತ ಹಿಂದಿನ ಸಂಜೆಯೇ ಪ್ಯಾಂಕ್ರಿಯಾಟಿನ್ (ಪ್ಯಾಂಕ್ರಿಯಾಸ್‌ನ ಕಿಣ್ವಗಳ ಮಿಶ್ರಣ) ಪುಡಿಯನ್ನು ನೀರಿಗೆ ಕಲಸಿ ಮೇಜಿನ ಮೇಲೆ ಬಿಟ್ಟು ಹೋದೆ. ಮರುದಿನ ಇಡೀ ತರಗತಿ ಟ್ಯೂಬ್ ಹಿಡಿದು ಅರ್ಧ ಗಂಟೆ ಕಾದರೂ ಗುಲಾಬಿ ಕದಲಲಿಲ್ಲ. ಆ ಪುಡಿಯಲ್ಲಿ ಲೈಪೇಸ್ ಒಂದೇ ಇರುವುದಿಲ್ಲ, ಪ್ರೋಟೀನ್ ಒಡೆಯುವ ಕಿಣ್ವಗಳೂ ಇರುತ್ತವೆ. ರಾತ್ರಿಯೆಲ್ಲಾ ಬೆಚ್ಚಗೆ ಕೂತು ಅವು ಲೈಪೇಸನ್ನೇ ಮುಗಿಸಿದ್ದವು ಅಂತ ನನ್ನ ಅನುಮಾನ. ದ್ರಾವಣವನ್ನು ಆಗಿಂದಾಗ್ಗೆ ಮಾಡಿ, ಐಸ್ ಮೇಲೆ ಇಡಿ.

## ರಚನೆಯ ಪ್ರಶ್ನೆಗಳು

ಲೈಪೇಸ್ ನೋಡೋಕೆ ಹೇಗಿರುತ್ತೆ?

ಪ್ರೋಟೀನ್ ಅಂದರೆ ಅಮೈನೋ ಆಮ್ಲ ಎಂಬ ಮಣಿಗಳ ಸರ. ಮನುಷ್ಯನ ಪ್ಯಾಂಕ್ರಿಯಾಸ್ ಲೈಪೇಸ್ 449 ಅಮೈನೋ ಆಮ್ಲಗಳ ಒಂದೇ ಸರ. ತೂಕ ಸುಮಾರು 50 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ). ಈ ಸರ ಮಡಚಿಕೊಂಡು ಒಂದು ದೊಡ್ಡ ಗಂಟು, ಒಂದು ಚಿಕ್ಕ ಗಂಟು ಆಗಿರುತ್ತದೆ. ಮೊದಲ 336 ಅಮೈನೋ ಆಮ್ಲಗಳದ್ದು ದೊಡ್ಡ ಗಂಟು, ಕತ್ತರಿಸುವ ಕೆಲಸ ಅಲ್ಲಿ ನಡೆಯುತ್ತದೆ. ಉಳಿದದ್ದರ ಚಿಕ್ಕ ಗಂಟು ಜೊತೆಗಾರನನ್ನು ಹಿಡಿದುಕೊಳ್ಳಲು. ಆ ಜೊತೆಗಾರ ಯಾರು ಅಂತ ಆಮೇಲೆ ಹೇಳುತ್ತೇನೆ.

ದೊಡ್ಡ ಗಂಟಿನ ನಡುವೆ ಬೀಟಾ ಪಟ್ಟಿಗಳ ಒಂದು ಚಾಪೆ, ಅದರ ಎರಡೂ ಕಡೆ ಸುರುಳಿಗಳು. ಈ ವಿನ್ಯಾಸಕ್ಕೆ ಆಲ್ಫಾ-ಬೀಟಾ ಹೈಡ್ರೊಲೇಸ್ ಮಡಿಕೆ ಎನ್ನುತ್ತಾರೆ. ಲೈಪೇಸ್‌ಗೆ ಸಂಬಂಧವೇ ಇಲ್ಲ ಅನ್ನಿಸುವ ಎಷ್ಟೋ ಕಿಣ್ವಗಳಲ್ಲೂ ಇದೇ ಮಡಿಕೆ ಇದೆ. ನರಗಳ ಸಂಕೇತವನ್ನು ನಿಲ್ಲಿಸುವ ಅಸಿಟೈಲ್‌ಕೋಲಿನ್ ಎಸ್ಟರೇಸ್ ಅಂಥದ್ದೊಂದು.

ಈ ಚಿತ್ರ ಮೊದಲು ಸಿಕ್ಕಿದ್ದು 1990ರಲ್ಲಿ, ಹರಳುಗಟ್ಟಿಸಿದ ಲೈಪೇಸ್ ಮೇಲೆ ಎಕ್ಸ್-ರೇ ಹಾಯಿಸಿ.

ಕತ್ತರಿಸೋ ಜಾಗ ಯಾವುದು?

ಮೂರು ಅಮೈನೋ ಆಮ್ಲಗಳು: 152ನೆಯ ಸೆರಿನ್, 176ನೆಯ ಆಸ್ಪಾರ್ಟೇಟ್, 263ನೆಯ ಹಿಸ್ಟಿಡಿನ್. ಸರದಲ್ಲಿ ದೂರ ದೂರ ಇವೆ, ಮಡಚಿಕೊಂಡಾಗ ಅಕ್ಕಪಕ್ಕ ಬಂದು ಕೂರುತ್ತವೆ. ಪ್ರೋಟೀನ್ ಒಡೆಯುವ ಟ್ರಿಪ್ಸಿನ್‌ನಲ್ಲೂ ಇದೇ ಮೂವರು ಇದ್ದಾರೆ. ಆದರೆ ಎರಡರ ಮಡಿಕೆ ಪೂರಾ ಬೇರೆ. ಅಂದರೆ ವಿಕಾಸ ಒಂದೇ ಉಪಾಯವನ್ನು ಬೇರೆ ಬೇರೆ ಕಡೆ ಹೊಸದಾಗಿ ಕಂಡುಕೊಂಡಿದೆ.

ಸೆರಿನ್ ಕೂತಿರುವುದು ಒಂದು ಚೂಪಾದ ತಿರುವಿನಲ್ಲಿ. ಮಡಚಿದ ಮೊಣಕೈ ಹೇಗೆ ಮುಂದಕ್ಕೆ ಚಾಚಿರುತ್ತೋ ಹಾಗೆ. ಅದರ ಅಕ್ಕಪಕ್ಕದ ಕ್ರಮ ಗ್ಲೈಸೀನ್, ಹಿಸ್ಟಿಡಿನ್, ಸೆರಿನ್, ಲ್ಯೂಸೀನ್, ಗ್ಲೈಸೀನ್. ಗ್ಲೈಸೀನ್ ಅತಿ ಚಿಕ್ಕದು. ಎರಡು ಕಡೆ ಅದು ಇರುವುದರಿಂದಲೇ ಅಷ್ಟು ಬಿಗಿಯಾದ ತಿರುವು ಸಾಧ್ಯವಾಗಿದೆ.

ಅಷ್ಟು ಮುಖ್ಯವಾದ ಜಾಗದ ಮೇಲೆ ಮುಚ್ಚಳ ಇದೆಯಂತೆ. ಮುಚ್ಚಿಟ್ಟರೆ ಕೆಲಸ ಆಗೋದು ಹೇಗೆ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

1958ರಲ್ಲಿ ಸಾರ್ಡಾ ಮತ್ತು ದೆನ್ಯುಯೆಲ್ ಎಂಬ ಇಬ್ಬರು ಒಂದು ವಿಚಿತ್ರ ಗಮನಿಸಿದರು. ನೀರಿನಲ್ಲಿ ಪೂರ್ತಿ ಕರಗಿದ ಎಸ್ಟರ್ (ಎಸ್ಟರ್ ಬಂಧ ಇರುವ ವಸ್ತು) ಕೊಟ್ಟರೆ ಲೈಪೇಸ್ ಸುಮ್ನೆ ಕೂರುತ್ತದೆ. ಎಸ್ಟರನ್ನು ಹೆಚ್ಚಿಸುತ್ತಾ ಹೋಗಿ, ಅದು ಕರಗಲಾರದೆ ಹನಿಗಟ್ಟಲು ಶುರುವಾದ ಕ್ಷಣ ಲೈಪೇಸ್ ಚುರುಕಾಗುತ್ತದೆ. ಮಾಮೂಲಿ ಎಸ್ಟರೇಸ್ ಕಿಣ್ವಗಳು ಹೀಗೆ ಮಾಡುವುದಿಲ್ಲ. ಕರಗಿರುವ ಎಸ್ಟರೇ ಅವಕ್ಕೆ ಸಾಕು. ಲೈಪೇಸ್‌ಗೆ ಬೇಕಾದದ್ದು ಎಣ್ಣೆಯಲ್ಲ, ಎಣ್ಣೆ-ನೀರಿನ ಅಂಚು!

ಯಾಕೆ ಹೀಗೆ ಅನ್ನುವುದಕ್ಕೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬರೀ ಊಹೆಗಳಿದ್ದವು. 1990ರ ಚಿತ್ರದಲ್ಲಿ ಉತ್ತರ ಕಾಣಿಸಿತು. 237 ಮತ್ತು 261ನೆಯ ಸಿಸ್ಟೀನ್‌ಗಳ ನಡುವಿನ ಸರದ ತುಂಡು ಒಂದು ಕುಣಿಕೆಯಾಗಿ ಆ ಮೂರು ಅಮೈನೋ ಆಮ್ಲಗಳ ಮೇಲೆ ಮಲಗಿತ್ತು. ಮುಚ್ಚಿದ ಸ್ಥಿತಿಯಲ್ಲಿ ಕೊಬ್ಬಿನ ಅಣು ಸೆರಿನ್ ಹತ್ತಿರ ಸುಳಿಯಲೂ ಆಗುವುದಿಲ್ಲ. ಕೆಲವೇ ವರ್ಷಗಳಲ್ಲಿ ತೆರೆದ ಸ್ಥಿತಿಯ ಚಿತ್ರವೂ ಬಂತು. ಮುಚ್ಚಳ ಪಕ್ಕಕ್ಕೆ ಹೊರಳಿತ್ತು. ಅದರ ಕೆಲವು ಭಾಗ ಸುಮಾರು 3 ನ್ಯಾನೋಮೀಟರ್‌ನಷ್ಟು ಸರಿದಿತ್ತು. ಇಡೀ ಅಣುವೇ ಕೆಲವು ನ್ಯಾನೋಮೀಟರ್ ಇರುವಾಗ ಇದು ಸಣ್ಣ ಅಲುಗಾಟವಲ್ಲ.

ಮುಚ್ಚಳದ ಒಳಮೈಯನ್ನು ಗಮನಿಸಿ. ಅದು ನೀರನ್ನು ಕಂಡರೆ ಆಗದ ಮೈ. ಸುತ್ತ ನೀರಿದ್ದರೆ ಒಳಮೈಯನ್ನು ಅಡಗಿಸಿಕೊಂಡು ಮುಚ್ಚಿಕೊಳ್ಳುತ್ತದೆ. ಎಣ್ಣೆಯ ಮೇಲ್ಮೈ ಸಿಕ್ಕಿದರೆ ಅಡಗಿಸುವ ಅಗತ್ಯ ಇಲ್ಲ. ಮುಚ್ಚಳ ಹೊರಳಿ, ಒಳಮೈ ಹೊರಬಂದು ಎಣ್ಣೆಗೆ ಅಂಟಿಕೊಳ್ಳುತ್ತದೆ. ಒಂದೇ ಚಲನೆಯಲ್ಲಿ ಎರಡು ಕೆಲಸ: ಬಾಗಿಲೂ ತೆರೆಯಿತು, ಹನಿಯ ಮೇಲೆ ಕಾಲೂರಿದ್ದೂ ಆಯಿತು. ಪಕ್ಕದ ಇನ್ನೊಂದು ಕುಣಿಕೆಯೂ ಆಗಲೇ ಜಾಗ ಬದಲಿಸುತ್ತದೆ. ಅದರಿಂದ ಕತ್ತರಿಸಲು ಬೇಕಾದ ಒಂದು ಪುಟ್ಟ ಗುಳಿ ರೂಪುಗೊಳ್ಳುತ್ತದೆ.

ಕೋಲೈಪೇಸ್ ಅಂತ ಇನ್ನೊಂದು ಹೆಸರು ಬರುತ್ತಲ್ಲ, ಅದೇನು?

ಮೇಲೆ ಹೇಳಿದ ಜೊತೆಗಾರ ಇದೇ. ಸುಮಾರು 10 ಕಿಲೋಡಾಲ್ಟನ್‌ನ ಪುಟ್ಟ ಪ್ರೋಟೀನ್. ತಾನಾಗಿ ಏನನ್ನೂ ಕತ್ತರಿಸುವುದಿಲ್ಲ.

ಪಿತ್ತದ ಲವಣಗಳಿಂದ ಉಪಕಾರ ಎಷ್ಟೋ ತೊಂದರೆಯೂ ಅಷ್ಟೇ. ಹನಿಗಳನ್ನು ಒಡೆದು ಕೊಡುತ್ತವೆ, ನಿಜ. ಆದರೆ ಹನಿಯ ಮೇಲ್ಮೈಯನ್ನೆಲ್ಲಾ ತಾವೇ ಆವರಿಸಿಕೊಂಡು ಲೈಪೇಸನ್ನು ಹೊರಗೆ ತಳ್ಳುತ್ತವೆ. ಕೋಲೈಪೇಸ್ ಒಂದು ಕಡೆಯಿಂದ ಲೈಪೇಸ್‌ನ ಚಿಕ್ಕ ಗಂಟನ್ನು ಹಿಡಿದುಕೊಳ್ಳುತ್ತದೆ. ಇನ್ನೊಂದು ಕಡೆ ಬೆರಳಿನಂಥ ಕುಣಿಕೆಗಳನ್ನು ಚಾಚಿ ಪಿತ್ತ ತುಂಬಿದ ಮೇಲ್ಮೈಗೇ ಕಚ್ಚಿಕೊಳ್ಳುತ್ತದೆ. ಐದು ಡೈಸಲ್ಫೈಡ್ ಬಂಧಗಳು (ಗಂಧಕದ ಪರಮಾಣುಗಳ ನಡುವಿನ ಕೊಂಡಿಗಳು) ಈ ಪುಟ್ಟ ಅಣುವನ್ನು ಬಿಗಿಯಾಗಿ ಹೊಲಿದಿರುವುದರಿಂದ ಕರುಳಿನ ಗದ್ದಲದಲ್ಲೂ ಅದು ಗಟ್ಟಿಯಾಗಿ ಉಳಿಯುತ್ತದೆ. ತೆರೆದ ಮುಚ್ಚಳವನ್ನೂ ಅದೇ ಪಕ್ಕದಿಂದ ತಾಗಿ ಹಿಡಿದಿರುತ್ತದೆ. ಒಂದು ಲೈಪೇಸ್‌ಗೆ ಒಂದು ಕೋಲೈಪೇಸ್.

ಒಂದು ಬಂಧ ಕತ್ತರಿಸುವಾಗ ಒಳಗೆ ಏನೇನು ನಡೆಯುತ್ತೆ? ಹಂತ ಹಂತವಾಗಿ ಹೇಳಿ.

ಹಿಸ್ಟಿಡಿನ್ ಸೆರಿನ್‌ನಿಂದ ಒಂದು ಪ್ರೋಟಾನ್ ಕಿತ್ತುಕೊಳ್ಳುತ್ತದೆ. ಆಸ್ಪಾರ್ಟೇಟ್ ಹಿಂದೆ ನಿಂತು ಹಿಸ್ಟಿಡಿನ್‌ಗೆ ಆಸರೆ ಕೊಡುತ್ತದೆ. ಪ್ರೋಟಾನ್ ಕಳೆದುಕೊಂಡ ಸೆರಿನ್‌ನ ಆಕ್ಸಿಜನ್ ಕೊಬ್ಬಿನ ಎಸ್ಟರ್ ಇಂಗಾಲದ ಮೇಲೆ ನುಗ್ಗುತ್ತದೆ. ಕ್ಷಣಕಾಲ ಆ ಇಂಗಾಲಕ್ಕೆ ನಾಲ್ಕು ಕೈ ಅಂಟಿರುತ್ತವೆ, ಪಕ್ಕದ ಆಕ್ಸಿಜನ್ ಮೇಲೆ ಋಣ ವಿದ್ಯುದಂಶ ಕೂಡುತ್ತದೆ. ಇಂಥ ಅಸ್ಥಿರ ಸ್ಥಿತಿಯನ್ನು ಸಂಭಾಳಿಸುವುದೇ ಮೇಲೆ ಹೇಳಿದ ಪುಟ್ಟ ಗುಳಿ. 77 ಮತ್ತು 153ನೆಯ ಅಮೈನೋ ಆಮ್ಲಗಳ ಬೆನ್ನೆಲುಬಿನ ಹೈಡ್ರೋಜನ್‌ಗಳು ಆ ಆಕ್ಸಿಜನ್ನನ್ನು ಹಿಡಿದು ಸಮಾಧಾನ ಮಾಡುತ್ತವೆ.

ಆಮೇಲೆ ಬಂಧ ಮುರಿಯುತ್ತದೆ. ಗ್ಲಿಸರಾಲ್ ಕಡೆಯ ಭಾಗ ಹೊರಗೆ ಹೋಗುತ್ತದೆ. ಕೊಬ್ಬಿನಾಮ್ಲದ ಬಾಲ ಮಾತ್ರ ಸೆರಿನ್‌ಗೇ ಅಂಟಿ ಉಳಿಯುತ್ತದೆ. ಈಗ ನೀರಿನ ಸರದಿ. ಅದು ಬಂದು ಇದೇ ಆಟವನ್ನು ಮತ್ತೊಮ್ಮೆ ಆಡಿ ಬಾಲವನ್ನು ಬಿಡಿಸುತ್ತದೆ. ಸೆರಿನ್ ಮೊದಲಿನಂತಾಗುತ್ತದೆ. ಮುಂದಿನ ಅಣು ಬರಬಹುದು.

ಮೂರು ಬಾಲ ಇದ್ರೂ ಎರಡನ್ನೇ ಕತ್ತರಿಸಿ ಬಿಡೋದ್ಯಾಕೆ?

ಲೈಪೇಸ್‌ನ ಕತ್ತರಿಸುವ ಜಾಗಕ್ಕೆ ತುದಿಯ ಎರಡು ಬಾಲಗಳು ಸರಿಯಾಗಿ ಹೊಂದುತ್ತವೆ, ನಡುವಿನದು ಹೊಂದುವುದಿಲ್ಲ. ಹಾಗಾಗಿ ಎರಡು ಬಿಡಿ ಕೊಬ್ಬಿನಾಮ್ಲ ಮತ್ತು ನಡುವಿನ ಬಾಲ ಉಳಿಸಿಕೊಂಡ ಒಂದು ಮೋನೋಗ್ಲಿಸರೈಡ್ ಸಿಗುತ್ತವೆ. ಕರುಳಿಗೆ ಇಷ್ಟು ಸಾಕು, ಮೋನೋಗ್ಲಿಸರೈಡನ್ನು ಅದು ಆರಾಮವಾಗಿ ಹೀರಿಕೊಳ್ಳುತ್ತದೆ.

ಲೈಪೇಸ್ ಯಾವಾಗ ಬರಬೇಕು ಅಂತ ಪ್ಯಾಂಕ್ರಿಯಾಸ್‌ಗೆ ಯಾರು ಹೇಳ್ತಾರೆ?

ಜಠರದಿಂದ ಕೊಬ್ಬು ಮತ್ತು ಪ್ರೋಟೀನಿನ ಚೂರುಗಳು ಸಣ್ಣ ಕರುಳಿಗೆ ಇಳಿದಾಗ ಅಲ್ಲಿನ ಕೆಲವು ಜೀವಕೋಶಗಳು ಕೋಲಿಸಿಸ್ಟೋಕೈನಿನ್ ಎಂಬ ಹಾರ್ಮೋನು ಬಿಡುತ್ತವೆ. ಅದು ಪಿತ್ತಕೋಶವನ್ನು ಹಿಂಡುತ್ತದೆ, ಪ್ಯಾಂಕ್ರಿಯಾಸ್‌ನಿಂದ ಕಿಣ್ವ ಹೊರಡಿಸುತ್ತದೆ. ಸೋಪು, ಕತ್ತರಿ ಎರಡೂ ಒಟ್ಟಿಗೇ ಬರುತ್ತವೆ. ಆಮ್ಲ ಬಂದದ್ದನ್ನು ಕಂಡು ಸೆಕ್ರೆಟಿನ್ ಎಂಬ ಇನ್ನೊಂದು ಹಾರ್ಮೋನು ಬೈಕಾರ್ಬೋನೇಟ್ ತರಿಸುತ್ತದೆ. ಇದೂ ಬೇಕೇ ಬೇಕು. ಲೈಪೇಸ್‌ಗೆ ಹಿತವಾದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 8. ಪಿಎಚ್ 4ಕ್ಕಿಂತ ಕೆಳಗಿಳಿದರೆ ಕೆಟ್ಟೇ ಹೋಗುತ್ತದೆ, ಆಮೇಲೆ ಕ್ಷಾರ ಸೇರಿಸಿದರೂ ಸರಿಹೋಗುವುದಿಲ್ಲ.

## ರಿಪೋರ್ಟು, ಮಾತ್ರೆ, ಆರೋಗ್ಯ

ರಕ್ತದ ರಿಪೋರ್ಟಿನಲ್ಲಿ ಲೈಪೇಸ್ ಜಾಸ್ತಿ ಬಂದಿದೆ. ಹೆದರಬೇಕಾ?

ಎಷ್ಟು ಜಾಸ್ತಿ, ಹೊಟ್ಟೆನೋವು ಇದೆಯಾ ಎಂಬುದರ ಮೇಲೆ ನಿಂತಿದೆ. ರಕ್ತದಲ್ಲಿ ಸ್ವಲ್ಪ ಲೈಪೇಸ್ ಎಲ್ಲರಿಗೂ ಇರುತ್ತದೆ. ಪ್ಯಾಂಕ್ರಿಯಾಸ್ ಊದಿಕೊಂಡಾಗ ಅಲ್ಲಿಂದ ಸೋರಿ ರಕ್ತಕ್ಕೆ ಬರುತ್ತದೆ. ಲ್ಯಾಬಿನ ಮೇಲಿನ ಮಿತಿಗಿಂತ ಮೂರು ಪಟ್ಟು ಅಥವಾ ಜಾಸ್ತಿ ಇದ್ದು, ಹೊಟ್ಟೆಯ ಮೇಲ್ಭಾಗದಲ್ಲಿ ತೀವ್ರ ನೋವೂ ಇದ್ದರೆ ವೈದ್ಯರು ಪ್ಯಾಂಕ್ರಿಯಾಟೈಟಿಸ್, ಅಂದರೆ ಪ್ಯಾಂಕ್ರಿಯಾಸ್‌ನ ಉರಿಯೂತ ಎಂದು ತೀರ್ಮಾನಿಸುತ್ತಾರೆ. ಅಂಥ ನೋವು ಇದ್ದರೆ ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ನೋವು ಶುರುವಾಗಿ 4ರಿಂದ 8 ಗಂಟೆಯಲ್ಲಿ ಲೈಪೇಸ್ ಏರುತ್ತದೆ, ಸುಮಾರು 24 ಗಂಟೆಗೆ ಶಿಖರ ಮುಟ್ಟುತ್ತದೆ, ಒಂದೆರಡು ವಾರ ಉಳಿಯಬಹುದು. ಪಿಷ್ಟ ಕತ್ತರಿಸುವ ಪ್ಯಾಂಕ್ರಿಯಾಸ್‌ನ ಇನ್ನೊಂದು ಕಿಣ್ವ ಅಮೈಲೇಸ್ ಬೇಗ ಇಳಿದುಬಿಡುತ್ತದೆ. ತಡವಾಗಿ ಬಂದ ರೋಗಿಯಲ್ಲಿ ಲೈಪೇಸ್ ಜಾಸ್ತಿ ಉಪಯೋಗಕ್ಕೆ ಬರುವುದು ಇದಕ್ಕೇ.

ಎರಡು ತಪ್ಪು ತಿಳಿವಳಿಕೆ ಇವೆ. ಅಂಕಿ ದೊಡ್ಡದಾದಷ್ಟೂ ರೋಗ ಜೋರು ಅನ್ನುವುದು ತಪ್ಪು. ಸ್ವಲ್ಪ ಏರಿದರೆ ಪ್ಯಾಂಕ್ರಿಯಾಸೇ ಕೆಟ್ಟಿದೆ ಅನ್ನುವುದೂ ತಪ್ಪು, ಕಿಡ್ನಿ ತೊಂದರೆಯಲ್ಲೂ ಅಂಕಿ ಏರುತ್ತದೆ.

ಪ್ಯಾಂಕ್ರಿಯಾಸ್ ತನ್ನ ಕಿಣ್ವಗಳಿಂದ ತಾನೇ ಯಾಕೆ ಜೀರ್ಣವಾಗಲ್ಲ?

ಪ್ರೋಟೀನ್ ಒಡೆಯುವ ಟ್ರಿಪ್ಸಿನ್‌ನಂಥ ಕಿಣ್ವಗಳನ್ನು ಪ್ಯಾಂಕ್ರಿಯಾಸ್ ನಿಷ್ಕ್ರಿಯ ರೂಪದಲ್ಲಿ ಕಳಿಸುತ್ತದೆ, ಕರುಳಿಗೆ ಬಂದ ಮೇಲೆ ಅವು ಎಚ್ಚರವಾಗುತ್ತವೆ. ಲೈಪೇಸ್ ಹಾಗಲ್ಲ. ಸಿದ್ಧ ರೂಪದಲ್ಲೇ ಹೊರಡುತ್ತದೆ. ದಾರಿಯಲ್ಲಿ ಅದನ್ನು ಸುಮ್ಮನಿರಿಸುವುದು ಮುಚ್ಚಳ. ಗ್ರಂಥಿಯ ನಾಳದಲ್ಲಿ ಎಣ್ಣೆ ಹನಿ ಇಲ್ಲ, ಹಾಗಾಗಿ ಅಂಚೂ ಇಲ್ಲ. ಕೋಲೈಪೇಸ್ ಕೂಡ ಪೂರ್ವರೂಪದಲ್ಲಿ ಹೊರಟು, ಕರುಳಿನಲ್ಲಿ ಟ್ರಿಪ್ಸಿನ್ ಅದರ ತುದಿಯ ಒಂದು ತುಣುಕು ಕತ್ತರಿಸಿದ ಮೇಲೆ ಪೂರ್ತಿ ತಯಾರಾಗುತ್ತದೆ.

ಆದರೆ ಗ್ರಂಥಿಗೆ ಪೆಟ್ಟು ಬಿದ್ದು ಲೈಪೇಸ್ ಸುತ್ತಲಿನ ಕೊಬ್ಬಿಗೆ ಸೋರಿದರೆ ಪರಿಸ್ಥಿತಿ ಕೆಡುತ್ತದೆ. ಬಿಡುಗಡೆಯಾದ ಕೊಬ್ಬಿನಾಮ್ಲಗಳು ಕ್ಯಾಲ್ಸಿಯಂ ಜೊತೆ ಸೇರಿ ಸೋಪಾಗುತ್ತವೆ. ಶಸ್ತ್ರಕ್ರಿಯೆ ಮಾಡುವವರಿಗೆ ಅದು ಸುಣ್ಣದ ಚುಕ್ಕೆಗಳ ಹಾಗೆ ಕಾಣುತ್ತದೆ. ತೀವ್ರ ಪ್ಯಾಂಕ್ರಿಯಾಟೈಟಿಸ್‌ನಲ್ಲಿ ರಕ್ತದ ಕ್ಯಾಲ್ಸಿಯಂ ಇಳಿಯಲು ಇದೂ ಒಂದು ಕಾರಣ.

ಲೈಪೇಸ್ ಕಡಿಮೆಯಾದ್ರೆ ಹೇಗೆ ಗೊತ್ತಾಗುತ್ತೆ?

ಬಹಳ ತಡವಾಗಿ ಗೊತ್ತಾಗುತ್ತದೆ. ಪ್ಯಾಂಕ್ರಿಯಾಸ್ ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಲೈಪೇಸ್ ಮಾಡುತ್ತದೆ. ಮಾಮೂಲಿನ 10 ಶೇಕಡಕ್ಕಿಂತ ಕೆಳಗೆ ಇಳಿದ ಮೇಲೇ ಮಲದಲ್ಲಿ ಕೊಬ್ಬು ಕಾಣಿಸುವುದು. ಮಲ ಪೇಲವವಾಗಿ, ಜಿಡ್ಡಾಗಿ, ಕೆಟ್ಟ ವಾಸನೆಯಿಂದ ಕೂಡಿರುತ್ತದೆ. ನೀರು ಹಾಕಿದರೂ ಸುಲಭಕ್ಕೆ ಹೋಗುವುದಿಲ್ಲ. ತೂಕ ಇಳಿಯುತ್ತದೆ, ಕೊಬ್ಬಿನ ಜೊತೆ ಒಳಗೆ ಬರಬೇಕಾದ ಎ, ಡಿ, ಇ, ಕೆ ವಿಟಮಿನ್‌ಗಳೂ ಕೈತಪ್ಪುತ್ತವೆ.

ಎಂಜೈಮ್ ಮಾತ್ರೆ ಕೊಟ್ಟಿದ್ದಾರೆ. ಊಟಕ್ಕೆ ಮುಂಚೆನಾ, ಆಮೇಲಾ?

ಊಟದ ಜೊತೆ. ಮೊದಲ ತುತ್ತಿನ ಹೊತ್ತಿಗೆ ಶುರು, ಊಟ ಉದ್ದವಾದರೆ ನಡುವೆ ಉಳಿದದ್ದು. ಕಿಣ್ವ ಮತ್ತು ಕೊಬ್ಬು ಒಟ್ಟಿಗೆ ಇಳಿದರೆ ಮಾತ್ರ ಪ್ರಯೋಜನ. ಹಂದಿಯ ಪ್ಯಾಂಕ್ರಿಯಾಸ್‌ನಿಂದ ತೆಗೆದ ಈ ಕಿಣ್ವಗಳನ್ನು ಸಣ್ಣ ಸಣ್ಣ ಗುಳಿಗೆಗಳಾಗಿ ಮಾಡಿ ಆಮ್ಲಕ್ಕೆ ಕರಗದ ಹೊದಿಕೆ ಕೊಟ್ಟಿರುತ್ತಾರೆ. ಜಠರ ದಾಟಿದ ಮೇಲೆ ಹೊದಿಕೆ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಅಗಿಯಬೇಡಿ, ಪುಡಿ ಮಾಡಬೇಡಿ. ಎಷ್ಟು ತೆಗೆದುಕೊಳ್ಳಬೇಕು ಅನ್ನುವುದನ್ನು ವೈದ್ಯರೇ ಹೇಳಲಿ. ಸುಮ್ನೆ ಊಟ ಭಾರ ಅನ್ನಿಸಿತು ಅಂತ ನುಂಗುವ ಮಾತ್ರೆ ಇದಲ್ಲ.

ಆರ್ಲಿಸ್ಟಾಟ್ ತಗೊಂಡ್ರೆ ಲೈಪೇಸ್ ನಿಂತು ಹೋಗುತ್ತಾ?

ಬಹುಭಾಗ ನಿಲ್ಲುತ್ತದೆ, ಅದು ಕರುಳಿನೊಳಗೆ ಮಾತ್ರ. ಸ್ಟ್ರೆಪ್ಟೋಮೈಸಿಸ್ ಟಾಕ್ಸಿಟ್ರಿಸಿನಿ ಎಂಬ ಬ್ಯಾಕ್ಟೀರಿಯ ತಯಾರಿಸುವ ಲಿಪ್‌ಸ್ಟಾಟಿನ್ ಎಂಬ ವಸ್ತುವನ್ನು ಸ್ವಲ್ಪ ಬದಲಿಸಿ ತೂಕ ಇಳಿಸುವ ಈ ಔಷಧಿ ಮಾಡಿದರು. ಇದು ಕೊಬ್ಬಿನ ಅಣುವಿನ ವೇಷ ಹಾಕಿಕೊಂಡು ಹೋಗುತ್ತದೆ. ಸೆರಿನ್ ಎಂದಿನಂತೆ ನುಗ್ಗುತ್ತದೆ, ಅಂಟಿಕೊಳ್ಳುತ್ತದೆ. ಆಮೇಲೆ ನೀರು ಬಂದು ಬಿಡಿಸಬೇಕಲ್ಲ, ಅದು ಬಹುಮಟ್ಟಿಗೆ ಆಗುವುದಿಲ್ಲ. ಕತ್ತರಿಯ ಬಾಯಿಗೆ ಗೋಂದು ಮೆತ್ತಿದ ಹಾಗೆ.

120 ಮಿಲಿಗ್ರಾಂನಂತೆ ದಿನಕ್ಕೆ ಮೂರು ಸಲ ತೆಗೆದುಕೊಂಡರೆ ತಿಂದ ಕೊಬ್ಬಿನಲ್ಲಿ ಸುಮಾರು 30 ಶೇಕಡ ಒಳಗೆ ಹೋಗದೆ ಉಳಿಯುತ್ತದೆ. ಉಳಿದ ಕೊಬ್ಬು ಎಲ್ಲಿಗೆ ಹೋಗಬೇಕು? ಮಲದ ದಾರಿಯೇ. ಜಿಡ್ಡಿನ ಊಟ ಮಾಡಿದವರು ಬಟ್ಟೆಗೆ ಎಣ್ಣೆ ಕಲೆ ಮಾಡಿಕೊಂಡು ಪೇಚಾಡುತ್ತಾರೆ. ವಿಟಮಿನ್ ಮಾತ್ರೆ ಬೇಕಾದರೆ ಎರಡು ಗಂಟೆ ಅಂತರ ಇರಲಿ.

ಎದೆಹಾಲು ತೆಗೆದು ಫ್ರಿಜ್‌ನಲ್ಲಿಟ್ರೆ ಸೋಪಿನ ವಾಸನೆ ಬರುತ್ತೆ. ಕೆಟ್ಟಿದೆಯಾ?

ಸರಿಯಾಗಿ ಇಟ್ಟಿದ್ದರೆ ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. ಎದೆಹಾಲಿನಲ್ಲೇ ಲೈಪೇಸ್ ಇದೆ. ತಣ್ಣಗೆ ಇಟ್ಟರೂ ನಿಧಾನವಾಗಿ ಕೆಲಸ ಮಾಡುತ್ತಲೇ ಇರುತ್ತದೆ, ಬಿಡುಗಡೆಯಾದ ಕೊಬ್ಬಿನಾಮ್ಲಗಳಿಂದ ಆ ವಾಸನೆ. ಹುಟ್ಟಿದ ಮಗುವಿನ ಪ್ಯಾಂಕ್ರಿಯಾಸ್ ಇನ್ನೂ ಸಾಕಷ್ಟು ಲೈಪೇಸ್ ಮಾಡುವುದಿಲ್ಲ. ಆ ಕೊರತೆ ತುಂಬಲು ತಾಯಿಯೇ ಹಾಲಿನ ಜೊತೆ ಕಿಣ್ವವನ್ನೂ ಕಳಿಸಿರುತ್ತಾಳೆ. ಕೆಲವು ಮಕ್ಕಳು ವಾಸನೆಗೆ ಮುಖ ತಿರುಗಿಸುತ್ತವೆ, ಅಷ್ಟೆ. ಹುಳಿ ವಾಸನೆ ಬಂದರೆ ಮಾತ್ರ ಚೆಲ್ಲಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಲೈಪೋಪ್ರೋಟೀನ್ ಲೈಪೇಸ್, ಹಾರ್ಮೋನ್ ಸೆನ್ಸಿಟಿವ್ ಲೈಪೇಸ್... ಎಲ್ಲಾ ಒಂದೇ ಮನೆಯವಾ?

ಮೊದಲನೆಯದು ಹತ್ತಿರದ ನೆಂಟ. ಲೈಪೋಪ್ರೋಟೀನ್ ಲೈಪೇಸ್ ರಕ್ತದ ಸೂಕ್ಷ್ಮನಾಳಗಳ ಗೋಡೆಗೆ ಕಚ್ಚಿಕೊಂಡು, ಹರಿದು ಬರುವ ಕೊಬ್ಬಿನ ಕಣಗಳಿಂದ ಕೊಬ್ಬಿನಾಮ್ಲ ಕತ್ತರಿಸಿ ಸ್ನಾಯುಗಳಿಗೆ, ಕೊಬ್ಬಿನ ಕೋಶಗಳಿಗೆ ಕೊಡುತ್ತದೆ. ಪ್ಯಾಂಕ್ರಿಯಾಸ್ ಲೈಪೇಸ್‌ಗೂ ಅದಕ್ಕೂ ಜೀನಿನಲ್ಲೇ ಹೋಲಿಕೆ ಇದೆ. ಹಾರ್ಮೋನ್ ಸೆನ್ಸಿಟಿವ್ ಲೈಪೇಸ್ ಕೊಬ್ಬಿನ ಕೋಶದ ಒಳಗಿನದು, ಬೇರೆ ವಂಶ. ಹೆಸರು ಒಂದೇ ಅಂತ ನೆಂಟಸ್ತನ ಕಟ್ಟುವಂತಿಲ್ಲ.

ಬಟ್ಟೆ ಒಗೆಯೋ ಪುಡಿಯಲ್ಲೂ ಲೈಪೇಸ್ ಇರುತ್ತಂತೆ?

ಇರುತ್ತದೆ, ಆದರೆ ಪ್ಯಾಂಕ್ರಿಯಾಸ್‌ನದಲ್ಲ. 1988ರಲ್ಲಿ ಲೈಪೋಲೇಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದದ್ದು ಥರ್ಮೋಮೈಸಿಸ್ ಎಂಬ ಶಿಲೀಂಧ್ರದ ಲೈಪೇಸ್. ಅದರ ಜೀನನ್ನು ಆಸ್ಪರ್‌ಜಿಲ್ಲಸ್ ಎಂಬ ಇನ್ನೊಂದು ಶಿಲೀಂಧ್ರಕ್ಕೆ ಹಾಕಿ ಬೆಳೆಸಿದರು. ಕಾಲರಿನ ಜಿಡ್ಡು, ಎಣ್ಣೆ ಕಲೆ ಇದರ ಗುರಿ. ಮಾರ್ಜಕದ ನೀರಿನಲ್ಲೂ ಹಾಳಾಗದೆ ಉಳಿಯುವ ತಾಕತ್ತು ಅದಕ್ಕೆ ಬೇಕಿತ್ತು.

ಕತ್ತರಿಸೋ ಕಿಣ್ವ ಜೋಡಿಸೋಕೂ ಆಗುತ್ತಾ?

ಆಗುತ್ತದೆ. ನೀರು ಧಾರಾಳವಾಗಿ ಇದ್ದಾಗ ಕತ್ತರಿಸುತ್ತದೆ. ನೀರನ್ನು ತೆಗೆದುಬಿಟ್ಟರೆ ಅದೇ ಕ್ರಿಯೆ ಹಿಂದಕ್ಕೆ ಓಡುತ್ತದೆ, ಆಮ್ಲ ಮತ್ತು ಆಲ್ಕೋಹಾಲ್ ಸೇರಿ ಎಸ್ಟರ್ ಆಗುತ್ತದೆ. 1984ರಲ್ಲಿ ಜ್ಯಾಕ್ಸ್ ಮತ್ತು ಕ್ಲಿಬಾನೋವ್ ಹಂದಿಯ ಪ್ಯಾಂಕ್ರಿಯಾಸ್ ಲೈಪೇಸ್ ಹೆಚ್ಚುಕಡಿಮೆ ನೀರೇ ಇಲ್ಲದ ದ್ರಾವಕದಲ್ಲಿ 100 ಡಿಗ್ರಿಯಲ್ಲೂ ಕೆಲಸ ಮಾಡುವುದನ್ನು ತೋರಿಸಿದರು. ನೀರಿನಲ್ಲಿ ಅಷ್ಟು ಬಿಸಿ ಮಾಡಿದರೆ ಕಿಣ್ವ ಬೇಗನೆ ಹಾಳಾಗುತ್ತದೆ. ಸುತ್ತ ನೀರಿಲ್ಲದಿದ್ದರೆ ಪ್ರೋಟೀನಿಗೆ ಬಿಚ್ಚಿಕೊಳ್ಳಲು ಸಡಿಲವೇ ಸಿಗುವುದಿಲ್ಲ. ಇವತ್ತು ಸುಗಂಧದ ಎಸ್ಟರ್‌ಗಳು, ಔಷಧಿಯ ಭಾಗಗಳು, ಬಯೋಡೀಸೆಲ್ ತಯಾರಿಕೆಯಲ್ಲೆಲ್ಲಾ ಲೈಪೇಸ್ ಬಳಸುತ್ತಾರೆ.

ಹಾಗಾದ್ರೆ ಮುಚ್ಚಳ ಇದ್ದರೆ ಅಂಚಿನಲ್ಲಿ ಚುರುಕಾಗುತ್ತೆ, ಇಲ್ಲದಿದ್ದರೆ ಇಲ್ಲ ಅಂತ ಬರೆದುಕೊಳ್ಳಲಾ?

ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಒಂದು ಕಾಲಕ್ಕೆ ಲೈಪೇಸ್‌ನ ವ್ಯಾಖ್ಯೆಯೇ ಹಾಗಿತ್ತು. ಆಮೇಲೆ ತಕರಾರುಗಳು ಒಂದೊಂದಾಗಿ ಬಂದವು. ಪ್ಯಾಂಕ್ರಿಯಾಸ್ ಲೈಪೇಸ್‌ನ ಸೋದರ ಸಂಬಂಧಿ ಪಿಎಲ್‌ಆರ್‌ಪಿ2 ಎಂಬುದಕ್ಕೆ ಮನುಷ್ಯನಲ್ಲಿ ಪೂರ್ತಿ ಮುಚ್ಚಳ ಇದೆ, ಆದರೂ ಅಂಚು ಕಂಡಾಗ ಆ ನಾಟಕೀಯ ಜಿಗಿತ ತೋರಿಸುವುದಿಲ್ಲ. ಗಿನಿಯಿಲಿಯಲ್ಲಿ ಅದೇ ಕಿಣ್ವದ ಮುಚ್ಚಳ ಕೆಲವೇ ಅಮೈನೋ ಆಮ್ಲಗಳ ಮೋಟು ತುಂಡು. ಆದರೂ ಕೊಬ್ಬನ್ನು ಕತ್ತರಿಸುತ್ತದೆ, ಜೊತೆಗೆ ಜೀವಕೋಶದ ಪೊರೆಯಲ್ಲಿರುವ ಫಾಸ್ಫೋಲಿಪಿಡನ್ನೂ, ಗಿಡಗಳ ಗ್ಯಾಲಕ್ಟೋಲಿಪಿಡನ್ನೂ ಕತ್ತರಿಸುತ್ತದೆ.

ಕಾರ್ಖಾನೆಗಳಲ್ಲಿ ತುಂಬಾ ಬಳಕೆಯಲ್ಲಿರುವ ಕ್ಯಾಂಡಿಡಾ ಅಂಟಾರ್ಕ್ಟಿಕಾ ಲೈಪೇಸ್ ಬಿ ಕೂಡ ಗುಂಪಿಗೆ ಸೇರದ ಆಸಾಮಿ. ಅದರ ಬಾಯಿ ಹೆಚ್ಚುಕಡಿಮೆ ಯಾವಾಗಲೂ ತೆರೆದೇ ಇರುತ್ತದೆ. ಹೀಗಾಗಿ ಈಗ ಉದ್ದನೆಯ ಬಾಲದ, ನೀರಿಗೆ ಸೇರದ ಟ್ರೈಗ್ಲಿಸರೈಡನ್ನು ಕತ್ತರಿಸಬಲ್ಲದ್ದೆಲ್ಲಾ ಲೈಪೇಸ್ ಅನ್ನುತ್ತಾರೆ. ಪರೀಕ್ಷೆಯಲ್ಲಿ ಮಾತ್ರ ಪ್ಯಾಂಕ್ರಿಯಾಸ್ ಲೈಪೇಸ್ ಬಗ್ಗೆ ಕೇಳಿದರೆ ಮುಚ್ಚಳದ ಕಥೆಯನ್ನು ಧೈರ್ಯವಾಗಿ ಬರೆಯಿರಿ. ಅದರ ಮಟ್ಟಿಗೆ ಅದು ನಿಜವೇ.